ಅತ್ತೆ ಇಟ್ಟ ಮರ

ಹಳೆಯ ಸರ್ಕಾರ ಬಿದ್ದ ಮೇಲೆ ನಮ್ಮ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಊರು ಇನ್ನು ಹೇಗಿರಬೇಕು? ನಿವೃತ್ತ ಭೂಗೋಳದ ಮೇಷ್ಟ್ರು ನಾಗರಿಕ ಸಮಿತಿ ಕಟ್ಟಿದರು. ಶಾಲೆಯ ಹಾಲ್‌ನಲ್ಲಿ ಮೇಜುಗಳನ್ನು ಜೋಡಿಸಿ, ರಟ್ಟಿನಲ್ಲಿ ಇಡೀ ಊರಿನ ಮಾದರಿ ಮಾಡಿದೆವು. ಹೊಲಿಗೆಯವಳಾದ ನನ್ನ ಕತ್ತರಿಗೆ ಪುರುಸೊತ್ತೇ ಇರಲಿಲ್ಲ. ನಮ್ಮ ಗಲ್ಲಿಯ ಮನೆಗಳನ್ನೆಲ್ಲ ಕತ್ತರಿಸಿ ಅಂಟಿಸಿದವಳು ನಾನೇ. ಒಂದೊಂದೂ ಅಂಗಿಯ ಗುಂಡಿಯಷ್ಟಿತ್ತು.

ಮೇಷ್ಟ್ರ ನಿಯಮ ಸರಳ. ಯಾರು ಬೇಕಾದರೂ ತಮಗೆ ಬೇಕೆನಿಸಿದ್ದನ್ನು ತಂದು ಇಡಬಹುದು, ಆದರೆ ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತೆಗೆಯುವಂತಿಲ್ಲ. ಹಿಂದಿನವರು ಹೇಳದೆ ಕೇಳದೆ ಎಲ್ಲ ಕಿತ್ತುಹಾಕಿದ್ದರಲ್ಲ, ಅದಕ್ಕೆ.

ನನ್ನ ಅತ್ತೆ ಪಾತ್ರೆ ತೊಳೆಯುವ ಸ್ಪಂಜಿಗೆ ಹಸಿರು ಬಣ್ಣ ಬಳಿದು ತಂದರು. ಗಲ್ಲಿಯ ನಲ್ಲಿಯ ಮುಂದೆ ಸುಡುಬಿಸಿಲು; ಮಂಡಿನೋವು ಇಟ್ಟುಕೊಂಡು ಅವರು ಅಲ್ಲೇ ನೀರಿಗೆ ಕಾಯಬೇಕು.

“ಇದು ಮರ. ನಲ್ಲಿ ಹತ್ರ ಇಡ್ತೀನಿ.”

“ಅತ್ತೇ, ಇಡೀ ಗಲ್ಲಿನೇ ಮುಚ್ಚಿಹೋಗುತ್ತೆ!”

“ಎಲ್ರಿಗೂ ನೆರಳು ಬೀಳ್ಲಿ ಬಿಡೇ.”

ಯಾರಾದರೂ ಎತ್ತಿಕೊಂಡು ಹೋದಾರೆಂದು ಗೋಂದಿನ ಟ್ಯೂಬನ್ನು ಪೂರ್ತಿ ಹಿಂಡಿ ಅಂಟಿಸಿದರು. ಹಾಲ್‌ಗೆ ಹಾಲೇ ನಕ್ಕಿತು. ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಹೊಸ ಸರ್ಕಾರ ಆ ಮಾದರಿಯನ್ನೇ ಜನರ ನಕ್ಷೆಯೆಂದು ಒಪ್ಪಿಕೊಂಡಾಗ ನಮಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಮೇಲೆ ಗಲ್ಲಿಯ ಗೋಡೆಗಳ ಮೇಲೆ ನೋಟಿಸು ಬಂತು. ಇಲ್ಲಿ ಉದ್ಯಾನ ಬರಲಿದೆ, ಮನೆ ಖಾಲಿ ಮಾಡಿ.

ನಾನು ಮೇಷ್ಟ್ರ ಹತ್ತಿರ ಓಡಿದೆ. “ಆ ಸ್ಪಂಜು ಕಿತ್ತುಹಾಕಿ ಮೇಷ್ಟ್ರೇ! ನಮ್ಮ ಮನೆ ಹೋಗುತ್ತೆ.”

“ನಾನು ಮುಟ್ಟೋ ಹಾಗಿಲ್ಲಮ್ಮ. ಇವತ್ತು ಇದನ್ನ ತೆಗೆದ್ರೆ, ನಾಳೆ ಇನ್ಯಾರೋ ಬಂದು ಆಸ್ಪತ್ರೆ ತೆಗೀರಿ ಅಂತಾರೆ. ಇಟ್ಟವರೇ ಬಂದು ತೆಗೀಲಿ. ನಾಳೆ ಸರ್ವೆಯವರು ಕೊನೇ ಅಳತೆಗೆ ಬರ್ತಾರೆ, ಅವರೆದುರಿಗೇ ಆಗ್ಲಿ.”

ಒಳ್ಳೆಯ ಮನುಷ್ಯ. ಆ ಒಳ್ಳೆಯತನ ಕಂಡು ನನ್ನ ಮೈಯೆಲ್ಲ ಉರಿಯಿತು.

ಮರುದಿನ ಸರ್ವೆ ಅಧಿಕಾರಿಯ ಎದುರಿಗೆ ಅತ್ತೆ ಎರಡೂ ಕೈಯಲ್ಲಿ ಸ್ಪಂಜು ಹಿಡಿದು ಎಳೆದರು. ಬರಲಿಲ್ಲ. ಹಲ್ಲು ಕಚ್ಚಿ ಮತ್ತೊಮ್ಮೆ ಜಗ್ಗಿದರು. ಪರ್ರನೆ ಕಿತ್ತು ಬಂತು. ಅದರ ತಳಕ್ಕೆ ಅಂಟಿಕೊಂಡು ಗಲ್ಲಿಯ ಮನೆಗಳೂ ಬಂದವು, ಒಂದೂ ಬಿಡದೆ. ಮೇಜಿನ ಮೇಲೆ ಉಳಿದದ್ದು ಬರೀ ಹಲಗೆ.

ಅಧಿಕಾರಿ ಬಗ್ಗಿ ನೋಡಿದ. “ಮರ ಬೇಡ, ಸರಿ. ಖಾಲಿ ಜಾಗ ಅಂತ ಬರ್ಕೋತೀನಿ.”

“ಖಾಲಿ ಅಲ್ಲ ಸಾರ್, ಅಲ್ಲಿ ನಾವಿದೀವಿ! ಈಗ್ಲೇ ಮತ್ತೆ ಅಂಟಿಸ್ತೀನಿ.”

“ನಿಮ್ಮವರೇ ಕೈಯಾರೆ ಕಿತ್ತಿದ್ದನ್ನ ನಾನೇ ನೋಡಿದ್ನಲ್ಲಮ್ಮ,” ಎಂದು ಅವನು ಮುಂದಿನ ಬೀದಿಗೆ ಟೇಪು ಹಿಡಿದ. ಮೇಷ್ಟ್ರು ತಲೆ ತಗ್ಗಿಸಿ ನಿಂತರು.

ಅತ್ತೆ ನೆಲದ ಮೇಲೆ ಕುಳಿತು ಸ್ಪಂಜನ್ನು ತಿರುಗಿಸಿ ಹಿಡಿದರು. ಉಗುರಿನಿಂದ ಒಂದೊಂದೇ ಮನೆ ಬಿಡಿಸತೊಡಗಿದರು. ರಟ್ಟು ಹರಿದು ಚೂರಾಗುತ್ತಿತ್ತು.

“ಇದ್ರಲ್ಲಿ ನಮ್ಮನೆ ಯಾವ್ದೇ? ನೀನೇ ಮಾಡಿದ್ದಲ್ವಾ, ಹೇಳು.”

ನಾನು ಪಕ್ಕದಲ್ಲಿ ಕುಳಿತು ನೋಡಿದೆ. ನನಗೂ ಗೊತ್ತಾಗಲಿಲ್ಲ.