ಕಪ್ಪಿನ ಮೇಲೆ ಕೆಂಪು

‘ಅಕ್ರಾ, ಅಕ್ರಾ, ಅಕ್ರಾ’ ಎಂದು ದಿನವಿಡೀ ವ್ಯಾನಿಗೆ ಜನರನ್ನು ಕೂಗಿ ಕರೆದು ಗಂಟಲು ಹರಿದುಕೊಂಡಿದ್ದ ಡುವೊಡುವಿಗೆ ಆ ಕೆಲಸದಿಂದ ಪಾರಾಗಲು ಸಿಕ್ಕಿದ್ದು ಅದೊಂದೇ ದಿನ. ಕುಮಾಸಿಯ ವ್ಯಾನು ನಿಲ್ದಾಣದ ಟಿಕೆಟ್ ಕಿಟಕಿಯ ಮೇಲಿದ್ದ ಟೀವಿಗೆ ಅವನು ತನ್ನ ಹಳೆಯ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿದ್ದ. ಯಾವ ಡ್ರೈವರ್, ಯಾವ ಊರು, ಬಂದನೋ ಇಲ್ಲವೋ, ಎಲ್ಲವನ್ನೂ ತೋರಿಸುವ ಪ್ರೋಗ್ರಾಂ ಅದು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವನೇ ಬರೆದದ್ದು.

“ಸಂಜೆವರೆಗೂ ನೋಡ್ತೀನಿ,” ಎಂದಿದ್ದಳು ನಿಲ್ದಾಣದ ಯಜಮಾನಿ ಮಾಮೆ ಪೊಕುವಾ. “ನಮ್ಮ ಜನ ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಟೀವಿಗೆ ಫುಟ್‌ಬಾಲು, ನಿಂಗೆ ನಿನ್ನ ಗಂಟ್ಲು.”

ಮಧ್ಯಾಹ್ನವಾದರೂ ಒಬ್ಬನೂ ಕತ್ತೆತ್ತಿ ನೋಡಲಿಲ್ಲ. ಕಪ್ಪು ಪರದೆಯ ಮೇಲೆ ಬೂದು ಬಣ್ಣದ ಸಪ್ಪೆ ಅಕ್ಷರ. “ಇದೇನಪ್ಪಾ, ಬೋರ್ಡೋ ಇರುವೆ ಸಾಲೋ?” ಎಂದೊಬ್ಬ ಡ್ರೈವರ್ ಹಲ್ಲು ಕಿರಿದು ಹೋದ.

ಡುವೊಡುವಿನ ಮೈ ಉರಿದುಹೋಯಿತು. ಇರುವೆಯೇ, ತೋರಿಸುತ್ತೇನೆ ತಾಳು. ಹೆಸರಿಗೆ ಮೊದಲು ಒಂದು ಪುಟ್ಟ ಸಂಕೇತ ಬರೆದರೆ ಅಲ್ಲಿಂದ ಬಣ್ಣ ಶುರು. ಕೊನೆಗೆ ಇನ್ನೊಂದು ಬರೆದರೆ ಬಣ್ಣ ಬಂದ್. ಮೂವತ್ತೊಂದು ಎಂದರೆ ಕೆಂಪು, ಒಂದು ಎಂದರೆ ದಪ್ಪ, ಸೊನ್ನೆ ಎಂದರೆ ಸಾಕು, ನಿಲ್ಲಿಸು. ತಡವಾದವರೆಲ್ಲ ದಪ್ಪ ಕೆಂಪಾಗಲಿ ಎಂದು ಬರೆದು ಗುಂಡಿ ಒತ್ತಿದ. ಅಕ್ರಾದಿಂದ ಬರಬೇಕಿದ್ದ ಯಂಕೆರಾನ ಹೆಸರು ಕೆಂಡದಂತೆ ಹೊತ್ತಿಕೊಂಡಿತು. ಡುವೊಡು ಕೂತಲ್ಲೇ ಕುಣಿದ.

ಗೇಟಿನ ಬಳಿ ಅನ್ನ, ಅಲಸಂದೆ ಬಡಿಸುತ್ತಿದ್ದ ಯಂಕೆರಾನ ಹೆಂಡತಿ ಆಫ್ರಾ ಕತ್ತೆತ್ತಿದಳು. ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

ಕಪ್ಪಿನ ಮೇಲೆ ಕೆಂಪಿನಲ್ಲಿ ಹೆಸರು ಬರೆದರೆ ಅದು ಯಾರದೆಂದು ಕುಮಾಸಿಯ ಮಗುವಿಗೂ ಗೊತ್ತು. ಸತ್ತವರದು. ಗೋಡೆ ಗೋಡೆಗೂ ಅಂಥ ಪೋಸ್ಟರ್, ಅಂತ್ಯಕ್ರಿಯೆಯ ಶನಿವಾರ ಬಂತೆಂದರೆ ಊರೆಲ್ಲ ಅದೇ ಬಣ್ಣದ ಬಟ್ಟೆ. ಡುವೊಡು ತಾನೇ ಎಷ್ಟೋ ಪೋಸ್ಟರ್ ಅಂಟಿಸಿದ್ದ. ಆದರೆ ಆ ಕರಿಯ ಪರದೆಯನ್ನು ನೋಡಿ ನೋಡಿ, ಕಪ್ಪೂ ಒಂದು ಬಣ್ಣ ಎಂಬುದೇ ಅವನಿಗೆ ಮರೆತುಹೋಗಿತ್ತು.

“ಅಯ್ಯೋ, ಹೋಗ್ಬಿಟ್ರಾ ನೀವು,” ಎಂದು ಆಫ್ರಾ ನೆಲಕ್ಕೆ ಕುಸಿದಳು. ಹೆಂಗಸರು ಓಡಿಬಂದು ಗೋಳೋ ಎಂದರು. ಡುವೊಡು ಯಂಕೆರಾನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ.

“ಮಾವ, ಬದುಕಿದೀರಾ?”

“ಇಲ್ಲೇ ಎಜಿಸು ಊರ ಹತ್ರ ಪಂಕ್ಚರ್ ಹಾಕ್ಸಿ ಈಗ ಹೊರಟೆ. ಯಾವನೋ ಅದು ಬದುಕಿದೀರಾ ಅಂತ ಕೇಳೋನು?”

ಆಫ್ರಾ ಫೋನು ಕಿತ್ತುಕೊಂಡಳು. “ಸಾಯದೆ ಇರೋರಿಗೆ ಒಂದು ಫೋನ್ ಮಾಡೋಕೇನು ಧಾಡಿ?”

ಮಾಮೆ ಪೊಕುವಾ ನಗಲಿಲ್ಲ. “ತೆಗಿ ಅದನ್ನ. ಜೀವ ಇರೋರನ್ನ ಹೂಳೋ ಟೀವಿ ನಂಗೆ ಬೇಡ.”

“ಸರಿ ಮಾಡ್ತೀನಿ ಅಮ್ಮಾ. ಅವರು ಬರೋದ್ರೊಳಗೆ.”

“ಅವನು ಗೇಟು ದಾಟೋವರೆಗೆ. ಆಮೇಲೆ ತಂತಿ ನಾನೇ ಕೀಳ್ತೀನಿ.”

ಡುವೊಡು ನಿಂತೇ ಬರೆಯತೊಡಗಿದ. ಸುತ್ತ ಜನ ಮುತ್ತಿದ್ದರು. ಕುಮಾಸಿಯಲ್ಲಿ ಕೇಸು ಗೆದ್ದವರು, ಸಾವಿನ ಬಾಯಿಂದ ಎದ್ದುಬಂದವರು ಉಡುವುದು ಬಿಳಿ. ಹಾಗಾದರೆ ಬಿಳಿಯೇ. ನಲವತ್ತೇಳು ಎಂದರೆ ಹಿನ್ನೆಲೆಗೆ ಬಿಳಿ, ಮೂವತ್ತನಾಲ್ಕು ಎಂದರೆ ಅಕ್ಷರಕ್ಕೆ ನೀಲಿ. ಅಷ್ಟರಲ್ಲಿ ರಸ್ತೆಯಿಂದ ಯಂಕೆರಾನ ಹಾರನ್ನು ಕೇಳಿಸಿತು. ಒತ್ತಿಯೇಬಿಟ್ಟ.

ಯಂಕೆರಾನ ಸಾಲು ಬೆಳ್ಳಗಾಯಿತು. ಕೆಳಗಿನದೂ ಆಯಿತು. ಅದರ ಕೆಳಗಿನದೂ. ಪರದೆ ಒಮ್ಮೆ ಅಳಿಸಿ ಮತ್ತೆ ಮೂಡಿದಾಗ ಮೂಲೆಯಿಂದ ಮೂಲೆಗೆ ಬಿಳಿಯೋ ಬಿಳಿ. ಡುವೊಡು ತಾನು ಬರೆದದ್ದನ್ನು ಮತ್ತೆ ಓದಿದ. ಸೊನ್ನೆ ಹಾಕಿರಲಿಲ್ಲ. ಬಣ್ಣ ನಿಂತೇ ಇರಲಿಲ್ಲ.

“ನೋಡ್ರೋ,” ಎಂದು ಮೊದಲು ಹಲ್ಲು ಕಿರಿದಿದ್ದ ಡ್ರೈವರೇ ಕೂಗಿದ, “ಇಡೀ ನಿಲ್ದಾಣಕ್ಕೇ ಬಿಳಿ ಉಡಿಸ್ಬಿಟ್ಟ.”

ವ್ಯಾನುಗಳೆಲ್ಲ ಒಟ್ಟಿಗೆ ಹಾರನ್ನು ಹೊಡೆದವು. ಆ ಗದ್ದಲದ ನಡುವೆ, ಮೈತುಂಬ ಮಸಿ ಬಳಿದುಕೊಂಡು ಇಳಿದ ಯಂಕೆರಾ ಟೀವಿಯ ಕೆಳಗೆ ಬಂದು ನಿಂತ. ಡ್ರೈವರುಗಳೆಲ್ಲ ತಂತಮ್ಮ ಹೆಸರು ಹುಡುಕುತ್ತ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು.

“ಸತ್ತಿದ್ದು ನಾನೊಬ್ನೇ ಅಲ್ವಾ? ಇವರಿಗೆಲ್ಲ ಯಾಕೆ ಹಬ್ಬ?”

“ಬಾಯಿ ಮುಚ್ಕೊಂಡು ಮೊದ್ಲು ಉಣ್ಣಿ,” ಎಂದು ಆಫ್ರಾ ತಟ್ಟೆ ಮುಂದೆ ತಳ್ಳಿದಳು.

ಡುವೊಡುವಿನ ಬೆರಳು ಮತ್ತೆ ಕೀಲಿಮಣೆಯತ್ತ ಹೋಯಿತು.

“ಏನು ಮಾಡ್ತಿದೀಯೋ?” ಎಂದಳು ಮಾಮೆ ಪೊಕುವಾ.

“ಒಂದು ಸೊನ್ನೆ ಮರ್ತಿದ್ದೆ ಅಮ್ಮಾ.”

“ಮರ್ತೇ ಇರು.” ತಂತಿ ಕೀಳಲೆಂದು ಬಂದವಳು ಅದನ್ನು ಇನ್ನಷ್ಟು ಒಳಕ್ಕೆ ಒತ್ತಿದಳು. “ನಾಳೆ ಬೇಗ ಬಾ. ಗಂಟ್ಲು ಮನೇಲಿಟ್ಟು ಬಾ.”