ಅಕ್ಕನ ಏಳು ವರ್ಷ

ಸದಾ ಟೈ ಕಟ್ಟಿಕೊಂಡೇ ಇರುವ ಟೈ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಂಡವರಿಗೆ ಕೆಲಸ ಗ್ಯಾರಂಟಿ ಎಂದು ಇಡೀ ಬೀದಿ ನಂಬಿತ್ತು. ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನು ಸಂದರ್ಶನಕ್ಕೆ ಹೋಗುವವರಿಗೆ ಹೇಗೆ ಕೂರಬೇಕು, ಎಷ್ಟು ನಗಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂದು ಹೇಳಿಕೊಡುತ್ತಿದ್ದ. ಸ್ವಂತ ಅಕ್ಕನ ಸರದಿ ಬಂದಾಗ ಮಾತ್ರ ಅವನಿಗೆ ಎಲ್ಲಿಲ್ಲದ ಅವಸರ.

ಇರದೆ ಇನ್ನೇನು? ತಾಯಿ ತೀರಿಕೊಂಡ ಮೇಲೆ ಬಾಡಿಗೆ ಮನೆ ಬಿಟ್ಟು ಅಕ್ಕ ಅವನ ಮನೆಯ ಸ್ಟೋರ್ ರೂಮಿನಲ್ಲಿ ಮಲಗುತ್ತಿದ್ದಳು. "ಇಲ್ಲಿ ಹೊಲಿಗೆ ಮಿಷನ್ ಇಡ್ಬೇಕಿತ್ತು" ಎಂದು ತಮ್ಮನ ಹೆಂಡತಿ ಗೋಡೆಗೆ ಹೇಳುವವಳಂತೆ ಹೇಳುತ್ತಿದ್ದಳು. ಹಾಗಾಗಿ ವೃದ್ಧಾಶ್ರಮವೊಂದರಲ್ಲಿ ಲೆಕ್ಕ ಬರೆಯುವ ಕೆಲಸವಿದೆ, ಇರಲು ಕೋಣೆಯನ್ನೂ ಕೊಡುತ್ತಾರೆ ಎಂದು ಗೊತ್ತಾದಾಗ ಅಕ್ಕನಿಗೆ ಹೋದ ಜೀವ ಬಂದಂತಾಯಿತು.

ತಮ್ಮ ಅವಳ ರೆಸ್ಯೂಮೆ ಟೈಪ್ ಮಾಡಲು ಕೂತ.

"ಈ ಏಳು ವರ್ಷಕ್ಕೆ ಏನು ಹಾಕೋದು?"

"ಅಮ್ಮನ್ನ ನೋಡ್ಕೊಂಡೆ ಅಂತ ಹಾಕು."

"ಅಯ್ಯೋ ಅಕ್ಕಾ! ಮನೇಲಿ ಸುಮ್ನೆ ಕೂತಿದ್ಲು ಅಂದ್ಕೋತಾರೆ."

ಸುಮ್ಮನೆ ಕೂತಿದ್ದಳಂತೆ! ಹಾಸಿಗೆ ಹಿಡಿದ ತಾಯಿಯನ್ನು ಎತ್ತಿ, ಹೊರಳಿಸಿ, ಒರೆಸಿ ಅವಳ ಸೊಂಟವೇ ಬಿದ್ದುಹೋಗಿತ್ತು. ಈ ಮಹಾನುಭಾವ ಅಪರೂಪಕ್ಕೊಮ್ಮೆ ಬಂದು, ಬಾಗಿಲಲ್ಲೇ ಕರ್ಚೀಫು ಮೂಗಿಗೆ ಹಿಡಿದು ನಿಂತು, ಬಂದ ಹಾಗೇ ಹೊರಟುಹೋಗುತ್ತಿದ್ದ. ಈಗ ತನ್ನ ಆಫೀಸಿನಲ್ಲೇ ಅವಳು ಏಳು ವರ್ಷ ಲೆಕ್ಕ ಬರೆದಳೆಂದು ಹಾಕಿ, ಮಾಲೀಕನ ಜಾಗದಲ್ಲಿ ತನ್ನ ನಂಬರನ್ನೇ ಕೊಟ್ಟ.

"ಫೋನ್ ಬಂದ್ರೆ ನಾನಿದೀನಲ್ಲ. ನೀನು ಗಾಬರಿಯಾಗಿ ಏನಾದ್ರೂ ಉಸುರಿದ್ರೂ ನಾನು ಸಂಭಾಳಿಸ್ತೀನಿ."

ಅಕ್ಕನಿಗೆ ಮನಸ್ಸು ಒಪ್ಪಲಿಲ್ಲ. ಆದರೂ ಸ್ಟೋರ್ ರೂಮು ನೆನಪಾಗಿ ತಲೆಯಾಡಿಸಿದಳು.

ಆಶ್ರಮದ ಮೇಲ್ವಿಚಾರಕಿ ಕಾಗದ ನೋಡಿ ನಿಟ್ಟುಸಿರು ಬಿಟ್ಟಳು. "ಲೆಕ್ಕದ ಕೆಲ್ಸಕ್ಕೆ ನಿನ್ನೆ ತಾನೇ ಒಬ್ರು ಸೇರ್ಕೊಂಡ್ರಮ್ಮ. ಈಗ ಬೇಕಾಗಿರೋದು ಹಾಸಿಗೆ ಹಿಡಿದೋರನ್ನ ನೋಡ್ಕೊಳ್ಳೋರು. ಕೋಣೇನೂ ಕೊಡ್ತೀವಿ, ಆದ್ರೆ ನಿಮಗೆ ಅದೆಲ್ಲ ಎಲ್ಲಿ ಗೊತ್ತಿರುತ್ತೆ!"

"ಗೊತ್ತು ಮೇಡಂ!" ಅಕ್ಕ ತಡೆಯಲಾರದೆ ಅಮ್ಮನನ್ನು ನೋಡಿಕೊಂಡದ್ದನ್ನೆಲ್ಲ ಹೇಳಿಬಿಟ್ಟಳು. ಬೆನ್ನು ಹುಣ್ಣಾಗದಂತೆ ಮಲಗಿಸಿದ್ದು, ಗಂಜಿ ಗಂಟಲಿಗೆ ಸಿಕ್ಕದಂತೆ ಕುಡಿಸಿದ್ದು, ಬೈದರೂ ನಗಿಸಿದ್ದು. ಮೇಲ್ವಿಚಾರಕಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೇಳಿದಳು.

"ಇಂಥವರೇ ಬೇಕಿತ್ತು. ಆದ್ರೆ ಇದ್ರಲ್ಲಿ ಬೇರೇನೇ ಇದೆಯಲ್ಲ? ನಿಮ್ಮ ಮಾಲೀಕರನ್ನ ಒಂದ್ಮಾತು ಕೇಳಿಬಿಡ್ತೀನಿ." ಸ್ಪೀಕರ್ ಹಾಕಿದಳು. ಅಕ್ಕನಿಗೆ ಸಮಾಧಾನವೇ ಆಯಿತು. ಎಷ್ಟಾದರೂ ಒಡಹುಟ್ಟಿದವನು, ಅಮ್ಮನ ವಿಷಯ ಬಂದರೆ ನಿಜ ಹೇಳಿಯಾನು.

"ಇವರು ಇಷ್ಟು ವರ್ಷ ತಾಯಿನ ನೋಡ್ಕೊಂಡಿದ್ರು ಅಂತಾರೆ, ಹೌದಾ?"

"ಛೆ ಛೆ, ಯಾರು ಹೇಳಿದ್ದು ಮೇಡಂ?" ಮೇಷ್ಟ್ರ ದನಿ ಬೆಣ್ಣೆಯಷ್ಟು ನುಣುಪಾಗಿತ್ತು. "ನಮ್ಮ ಆಫೀಸಿಗೆ ಒಂದು ದಿನಾನೂ ರಜೆ ಹಾಕ್ದೋರಲ್ಲ. ತಾಯಿಗೆ ನರ್ಸ್ ಇದ್ರು. ಇವ್ರು ಆ ಕಡೆ ತಲೆನೂ ಹಾಕ್ತಿರ್ಲಿಲ್ಲ."

"ಲೋ, ನಿಜ ಹೇಳೋ!" ಎಂದು ಅಕ್ಕ ಕೂಗುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ.

"ಮಾಲೀಕರನ್ನ ಲೋ ಅಂತೀರಾ?"

"ಅವನು ನನ್ನ ತಮ್ಮ, ಮೇಡಂ."

"ಹಾಗಾದ್ರೆ ಮಾಲೀಕರು ಅನ್ನೋದೂ ಸುಳ್ಳು!" ಮೇಲ್ವಿಚಾರಕಿ ಕಾಗದವನ್ನು ವಾಪಸ್ ತಳ್ಳಿದಳು. "ಇಲ್ಲಿರೋರಲ್ಲಿ ಎಷ್ಟೋ ಜನಕ್ಕೆ ನೋವು ಅಂತ ಹೇಳೋಕೂ ಬಾಯಿಲ್ಲ. ಅವರನ್ನ ನಿಮ್ಮ ಕೈಗೆ ಹೇಗೆ ಕೊಡ್ಲಿ, ಹೇಳಿ?"

ಅಕ್ಕ ಕಾಗದ ಮಡಚಿಕೊಂಡು ಎದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು.

ಮನೆ ಬಾಗಿಲಲ್ಲೇ ತಮ್ಮ ಹಲ್ಲು ಬಿಟ್ಟುಕೊಂಡು ನಿಂತಿದ್ದ. "ಹೇಗಿತ್ತು ನನ್ನ ಉತ್ತರ? ನೀನು ಬಾಯ್ಬಿಟ್ಟಿದ್ದೀಯ ಅಂತ ಆಗ್ಲೇ ಗೊತ್ತಾಯ್ತು. ಆದ್ರೂ ಜಗ್ಲಿಲ್ಲ ನೋಡು! ಕೆಲ್ಸ ಆಯ್ತಾ?"

ಅಕ್ಕ ಚಪ್ಪಲಿಯನ್ನೂ ಬಿಡದೆ ಅವನ ಮುಖ ನೋಡಿದಳು.

"ಅಮ್ಮಂಗೆ ನರ್ಸ್ ಇದ್ರು ಅಂದ್ಯಲ್ಲ, ಅವಳೆಲ್ಲಾದ್ರೂ ಸಿಕ್ರೆ ಹೇಳಪ್ಪ. ಅವಳಿಗೆ ಅಲ್ಲಿ ಕೆಲ್ಸ ಇದೆಯಂತೆ."