ಕಾಣದ್ದಕ್ಕೆ ಹದಿನೈದು ಸಾವಿರ

ಟೈಲರಮ್ಮನ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಪೂರ್ತಿ ನಿಜವಲ್ಲ. ಅರ್ಧ ಸಿಟ್ಟು ಗೋಡೆಯ ಮೇಲಿತ್ತು. ಹೊಲಿಗೆ ಯಂತ್ರದ ಹಿಂದೆ, ಬಾಗಿಲು ದಾಟಿದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ಎರಡು ಮೊಳದ ಒಂದು ತಗಡಿನ ಬೋರ್ಡು. ಕೆಂಪು ಬಣ್ಣದಲ್ಲಿ ಅವಳೇ ಬರೆದದ್ದು: ‘ಬೇರೆಯವರು ಕೆಡಿಸಿದ ಬಟ್ಟೆ ಸರಿಮಾಡಲು ದರ ಎರಡರಷ್ಟು.’

ಮೂರು ವರ್ಷದ ಹಿಂದೆ ಎದುರುಸಾಲಿನಲ್ಲಿ ಒಬ್ಬ ಅಗ್ಗದ ಟೈಲರ್ ಅಂಗಡಿ ತೆರೆದಿದ್ದ. ಜನ ಅವನ ಹತ್ತಿರ ಹೋಗುತ್ತಿದ್ದರು. ಒಂದು ತೋಳು ಗಿಡ್ಡ, ಒಂದು ತೋಳು ಉದ್ದ ಮಾಡಿಸಿಕೊಂಡು ಇವಳ ಹತ್ತಿರ ಬರುತ್ತಿದ್ದರು. ಇವಳು ಮೊದಲು ಬೈಯುತ್ತಿದ್ದಳು, ಆಮೇಲೆ ಸರಿ ಮಾಡುತ್ತಿದ್ದಳು, ಕೊನೆಗೆ ಎರಡರಷ್ಟು ತೆಗೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಮಾತ್ರ ದರ ಇರಲಿಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದರು. ಅತ್ತೆ ಮೂಲೆಯ ಮಣೆಯ ಮೇಲೆ ಕುಳಿತು ಅಂಗಿಗಳಿಗೆ ಗುಂಡಿ ಹಚ್ಚುವವರು. ಬಾಯಲ್ಲಿ ಹಲ್ಲು ನಾಲ್ಕೇ ಉಳಿದಿದ್ದರೂ ಮಾತಿಗೆ ಮಾತ್ರ ಮೂವತ್ತೆರಡೂ ಇದ್ದವು.

ಇಂಥ ಮನೆಯ ಹೆಂಚಿನ ಛಾವಣಿ ಸೋರತೊಡಗಿತು, ಅದೂ ಕತ್ತರಿಸುವ ಮೇಜಿನ ನೆತ್ತಿಗೇ. ಹನ್ನೊಂದು ವರ್ಷ ಅಲೆದ ಮೇಲೆ ಅವಳಿಗೆ ಶಾಲೆಯ ಸಮವಸ್ತ್ರದ ಕೆಲಸ ಸಿಕ್ಕಿದ ವರ್ಷ ಅದು. ಇನ್ನೂರ ನಲವತ್ತು ಜೊತೆ. ಬಿಳಿ ಅಂಗಿ, ನೀಲಿ ಚಡ್ಡಿ, ನೀಲಿ ಲಂಗ. ಸೋಮವಾರ ಶಾಲೆ ಶುರು. ಒಂದು ಅಂಗಿಗೆ ಕಲೆ ಬಿದ್ದರೂ ಬಟ್ಟೆಯ ಬೆಲೆ ಅವಳ ತಲೆಗೆ, ಮುಂದಿನ ವರ್ಷದ ಕೆಲಸ ಎದುರುಸಾಲಿನವನಿಗೆ. ಲಾರಿ ಓಡಿಸುವ ಗಂಡ ಹದಿನೈದು ದಿನ ಹೊರಗೆ. ಫೋನಿನಲ್ಲಿ, “ನಿನಗೆ ತಿಳಿಯದ್ದೇನಿದೆ? ನೀನೇ ನೋಡಿ ಮಾಡಿಸು” ಎಂದ. ಕೆಟ್ಟರೆ ನೀನೇ ಹೊಣೆ ಎಂಬುದನ್ನು ಗಂಡಂದಿರು ಇಷ್ಟು ಮೆತ್ತಗೆ ಹೇಳುತ್ತಾರೆ.

ಮೊದಲು ಬಂದ ಮೇಸ್ತ್ರಿ ತನ್ನ ಏಣಿ ತಾನೇ ಹೊತ್ತುಕೊಂಡು ಬಂದ. ಹಾಗಾಗಿ ಅತ್ತೆ ಅವನಿಗೆ ಏಣಿ ಮೇಸ್ತ್ರಿ ಎಂದು ಹೆಸರಿಟ್ಟರು. ಬಂದವನು ನೀರೂ ಕೇಳಲಿಲ್ಲ, ನಗಲೂ ಇಲ್ಲ. ನೇರ ಮೇಲೆ ಹತ್ತಿ, ಒಂದು ಗಂಟೆ ಹೆಂಚು ಎತ್ತಿ ಎತ್ತಿ ನೋಡಿದ. ಹೆಂಚಿನ ಭಾರ ಹೊರುವ ಮರದ ಪಕಾಸುಗಳಿಗೆ ಒಂದೊಂದಕ್ಕೂ ಸ್ಕ್ರೂಡ್ರೈವರ್ ಚುಚ್ಚಿದ. ಇಳಿಜಾರಿನ ಉದ್ದಕ್ಕೆ ಟೇಪು ಹಿಡಿದ. ಕೆಳಗಿಳಿದು, ಗಿರಾಕಿಗಳ ಬೆಂಚಿನ ಮೇಲೆ ಕುಳಿತು ಕಾಗದದಲ್ಲಿ ಬರೆಯತೊಡಗಿದ.

ಅವನು ಬರೆಯುತ್ತಿರುವಾಗಲೇ ಆಸ್ಪತ್ರೆಯ ನರ್ಸೊಬ್ಬಳು ಬಿಳಿ ಕೋಟು ಹಿಡಿದು ಬಂದಳು. ಎದುರುಸಾಲಿನವನು ಹೊಲಿದದ್ದು, ಕೈ ಮೇಲೆತ್ತಿದರೆ ಕಂಕುಳು ಬಿಡುತ್ತಿತ್ತು.

“ಅಲ್ಲಿ ಅಗ್ಗ ಅಂತ ಹೋದ್ರಿ, ಅಲ್ವಾ?” ಎಂದಳು ಟೈಲರಮ್ಮ.

“ತಪ್ಪಾಯ್ತಕ್ಕಾ. ತಿಂಗಳ ಕೊನೆ ನೋಡಿ, ಕೈಯಲ್ಲಿ ಅಷ್ಟೇ ಇತ್ತು.”

“ತಿಂಗಳ ಕೊನೆ ನನಗೂ ಬರುತ್ತಮ್ಮ. ಬೋರ್ಡ್ ಓದಿ.”

ನರ್ಸು ಓದಿದಳು. ಮಾತಾಡದೆ ಪರ್ಸು ತೆರೆದಳು. ಏಣಿ ಮೇಸ್ತ್ರಿಯೂ ತಲೆಯೆತ್ತಿ ಬೋರ್ಡು ಓದಿದ, ಮತ್ತೆ ತಲೆ ತಗ್ಗಿಸಿ ಬರೆದ. ಆಮೇಲೆ ಕಾಗದ ಅವಳ ಕೈಗಿಟ್ಟ. ಹಳೆ ಹೆಂಚು ಇಳಿಸಿ ಕಸ ಸಾಗಿಸಲು ಇಷ್ಟು, ಹುಳ ತಿಂದ ಹನ್ನೊಂದು ಪಕಾಸಿಗೆ ಇಷ್ಟು, ಕೆಟ್ಟ ಹೆಂಚಿನ ಬದಲು ಹೊಸದಕ್ಕೆ, ನೆತ್ತಿಯ ಸಾಲಿನ ಗಾರೆಗೆ, ಕೂಲಿಗೆ. ಕೊನೆಯ ಸಾಲಿನಲ್ಲಿ: ‘ಕಾಣದ್ದಕ್ಕೆ, ಹದಿನೈದು ಸಾವಿರ.’ ಒಟ್ಟು ಒಂದು ಲಕ್ಷದ ತೊಂಬತ್ತೈದು ಸಾವಿರ.

ಟೈಲರಮ್ಮನ ಕಿವಿ ಕೆಂಪಾಯಿತು. “ಕಾಣದ್ದಕ್ಕಾ? ಕಾಣದ್ದಕ್ಕೂ ದುಡ್ಡಾ?”

“ಹೆಂಚು ತೆಗೆಯೋವರೆಗೆ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗಲ್ಲಮ್ಮ. ಖರ್ಚಾಗದಿದ್ರೆ ವಾಪಸ್ ಕೊಡ್ತೀನಿ. ಒಂದೊಂದೇ ಭಾಗ ತೆಗೆದು ಸಂಜೆ ಒಳಗೆ ಮುಚ್ತೀನಿ. ಹನ್ನೆರಡು ದಿನ ಬೇಕು.”

“ಇದು ಹಗಲು ದರೋಡೆ! ಕಾಣೋ ಕೆಲಸಕ್ಕೆ ಕಾಸು ಕೇಳೋರನ್ನ ನೋಡಿದ್ದೀನಿ, ಕಾಣದ್ದಕ್ಕೆ ಕೇಳೋ ಕಳ್ಳನನ್ನ ಇವತ್ತೇ ನೋಡಿದ್ದು!”

ಏಣಿ ಮೇಸ್ತ್ರಿಯ ದವಡೆ ಬಿಗಿಯಿತು. ಏಣಿ ಹೆಗಲಿಗೇರಿಸಿ ಹೊರಟುಹೋದ. ಕೋಟಿನ ಒಳಗೆ ಕಾಣದ ಲೈನಿಂಗಿಗೆ ಇಪ್ಪತ್ತು ವರ್ಷದಿಂದ ಬೇರೆ ದುಡ್ಡು ಎಣಿಸಿಕೊಂಡವಳು ತಾನು ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ. ಸಿಟ್ಟು ಬಂದಾಗ ಯಾರಿಗೆ ತಾನೇ ತನ್ನ ಅಂಗಡಿ ನೆನಪಾಗುತ್ತದೆ?

ಎರಡನೆಯವನು ನಗುತ್ತಲೇ ಬಂದ. ಅತ್ತೆಗೆ ಕೈ ಮುಗಿದ, ಟೀ ಕೊಟ್ಟಾಗ ಲೋಟ ತಾನೇ ತೊಳೆದಿಟ್ಟ. ಮಾತೋ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಟೇಪು ಮಾತ್ರ ತಂದಿರಲಿಲ್ಲ. “ಅಕ್ಕಾ, ನಿಮ್ದೇ ಟೇಪ್ ಕೊಡಿ” ಎಂದು ಅವಳ ಕೊರಳಲ್ಲಿದ್ದ ಟೇಪನ್ನೇ ಇಸಿದುಕೊಂಡು ನೆಲ ಅಳೆದ. ಆ ಗೋಡೆಯಿಂದ ಈ ಗೋಡೆ, ಬಾಗಿಲಿಂದ ಹಿತ್ತಲು. ಮೇಲೆ ಹತ್ತಲಿಲ್ಲ.

“ಎಲ್ಲಾ ಸೇರಿ ಒಂದು ಲಕ್ಷ ಹತ್ತು ಸಾವಿರ ಅಕ್ಕಾ. ನಾಲ್ಕೇ ದಿನ. ಸೋಮವಾರ ಹೊಸ ಸೂರಿನ ಕೆಳಗೆ ನೀವು ಸಮವಸ್ತ್ರ ಕೊಡ್ತೀರಿ.”

“ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ,” ಎಂದರು ಅತ್ತೆ, ಅವನು ಹೋದ ಮೇಲೆ.

“ಸುಮ್ನಿರಿ ಅತ್ತೆ. ಎಂಬತ್ತೈದು ಸಾವಿರ ಉಳೀತು.”

ಮಾರನೆಯ ದಿನ ಅರವತ್ತು ಸಾವಿರ ಮುಂಗಡ ಎಣಿಸಿ ಕೊಟ್ಟಳು.

ಗುರುವಾರ ಬೆಳಗ್ಗೆ ಆರು ಆಳು ಬಂದರು. ಮಧ್ಯಾಹ್ನದೊಳಗೆ ಇಡೀ ಮನೆಯ ಹೆಂಚು ಅಂಗಳದಲ್ಲಿತ್ತು, ಅದರಲ್ಲಿ ಕಾಲುಭಾಗ ಚೂರಾಗಿ. ಮೇಲೆ ನೋಡಿದರೆ ಮರದ ಅಸ್ಥಿಪಂಜರ, ಅದರಾಚೆ ಆಕಾಶ. ಸಮವಸ್ತ್ರದ ಗಂಟುಗಳನ್ನು ಕತ್ತರಿಸುವ ಮೇಜಿನ ಮೇಲೆ ಪೇರಿಸಿ, ಅವನ ಟಾರ್ಪಾಲಿನ್ ಹೊದಿಸಿ, ಅವಳು ಅದರ ಪಕ್ಕದಲ್ಲೇ ಹೊಲಿಯುತ್ತಾ ಕುಳಿತಿದ್ದಳು.

ಶುಕ್ರವಾರ ಬೆಳಗ್ಗೆ ನಗುಮುಖದವನು ನಗದೆ ಬಂದ.

“ಅಕ್ಕಾ, ಸ್ವಲ್ಪ ತೊಂದರೆ ಆಗಿದೆ. ಪಕಾಸು ಹುಳ ಹಿಡಿದಿದೆ, ಹನ್ನೊಂದು ಬದಲಾಯಿಸಬೇಕು. ಕಸ ಸಾಗಿಸೋ ಗಾಡಿ ಬೇರೆ. ಮತ್ತೆ ಇಳಿಜಾರು ಇದೆ ನೋಡಿ, ನೆಲಕ್ಕಿಂತ ಛಾವಣಿ ದೊಡ್ಡದು, ಹೆಂಚು ಜಾಸ್ತಿ ಹಿಡಿಯುತ್ತೆ. ಇನ್ನೂ ತೊಂಬತ್ತು ಸಾವಿರ ಆಗುತ್ತೆ.”

“ಇನ್ನೂ ಅಂದ್ರೆ?”

“ಒಪ್ಪಿದ್ದರ ಮೇಲೆ ಅಕ್ಕಾ. ಒಟ್ಟು ಎರಡು ಲಕ್ಷ.”

ಟೈಲರಮ್ಮ ಎದ್ದು ನಿಂತಳು. ಓರೆಯಾಗಿ ಕತ್ತರಿಸಿದರೆ ಬಟ್ಟೆ ಹೆಚ್ಚು ಹಿಡಿಯುತ್ತದೆ ಎಂದು ಹತ್ತನೆಯ ವಯಸ್ಸಿಗೇ ಕಲಿತವಳು ಅವಳು. ಅಂಥವಳ ಕಣ್ಣೆದುರಿಗೆ, ಅವಳದೇ ಟೇಪಿನಲ್ಲಿ, ಒಬ್ಬ ನೆಲ ಅಳೆದು ಛಾವಣಿಗೆ ದರ ಹೇಳಿದ್ದ. ಅವಳು ನೋಡುತ್ತಾ ನಿಂತು ಟೀ ಕೊಟ್ಟಿದ್ದಳು. ಅವನ ಮೇಲೆ ಬಂದ ಸಿಟ್ಟಿನಷ್ಟೇ ತನ್ನ ಮೇಲೂ ಬಂತು.

“ಎಲ್ಲಾ ಸೇರಿ ಅಂದಿದ್ದೆ! ಈ ಬಾಯಿಂದಲೇ ಅಂದಿದ್ದೆ!”

“ಅಂದಿದ್ದೆ ಅಕ್ಕಾ, ಆದ್ರೆ ಒಳಗಿರೋದು ನನಗೇನು ಗೊತ್ತು?”

“ಮೇಲೆ ಹತ್ತಿ ನೋಡಿದ್ರೆ ಗೊತ್ತಾಗ್ತಿತ್ತು! ನನ್ನ ಅರವತ್ತು ಸಾವಿರ ಇಲ್ಲಿಡು, ನಡಿ!”

“ಅದು ಹೆಂಚು ಇಳಿಸಿದ ಕೂಲಿಗೇ ಸರಿಹೋಯ್ತು. ಇವತ್ತೇ ಬೇಡ, ಯೋಚನೆ ಮಾಡಿ. ಆದ್ರೆ...” ಅವನು ಮೇಲೆ ಆಕಾಶದ ಕಡೆ ನೋಡಿದ. ಅಲ್ಲಿ ಮೋಡ ಕವಿಯುತ್ತಿತ್ತು. “ಮಳೆ ಬಂದ್ರೆ ನನ್ನನ್ನ ಕೇಳಬೇಡಿ.”

ಆ ಒಂದು ನೋಟಕ್ಕೆ ಅವಳ ತಾಳ್ಮೆ ಹರಿಯಿತು. ತನ್ನ ಕುತ್ತಿಗೆಗೆ ಮಳೆಯ ಹಗ್ಗ ಹಾಕಿ ಎಳೆಯುತ್ತಿದ್ದಾನೆ ಇವನು! ದೊಡ್ಡ ಕತ್ತರಿ ಕೈಯಲ್ಲೇ ಇತ್ತು. ಅದನ್ನು ಅವನ ಮೇಲೆ ಎತ್ತಲಿಲ್ಲ ಎಂಬುದಷ್ಟೇ ಅವತ್ತಿನ ಅವಳ ಪುಣ್ಯ. ಅವಳ ಬಾಯಿಂದ ಬಂದ ಮಾತುಗಳನ್ನು ಬೀದಿಯ ಎರಡು ಕೊನೆಯವರೂ ಕೇಳಿದರು, ಮಕ್ಕಳಿರುವ ಮನೆಯವರು ಕಿಟಕಿ ಹಾಕಿಕೊಂಡರು. ಅವನು ಹೋದ. ಹೋಗುವಾಗ ಗಂಟುಗಳ ಮೇಲಿದ್ದ ತನ್ನ ಟಾರ್ಪಾಲಿನ್ನನ್ನೂ ಸುತ್ತಿಕೊಂಡು ಹೋದ.

ಅತ್ತೆ ಸೂಜಿಗೆ ದಾರ ಪೋಣಿಸುತ್ತಾ, “ಕೆಟ್ಟ ಮೇಲೆ ಬುದ್ಧಿ ಬಂತು...” ಎಂದು ಶುರು ಮಾಡಿದರು.

“ಅಟ್ಟ ಮೇಲೆ ಒಲೆ ಉರೀತು! ಗೊತ್ತು ಅತ್ತೆ, ಗಾದೆ ನನಗೂ ಗೊತ್ತು!”

“ಗೊತ್ತಿದ್ರೆ ಇಲ್ಲೇ ನಿಂತು ನನ್ನ ಮೇಲೆ ಯಾಕೆ ಕೂಗ್ತೀಯೇ? ಆ ಏಣಿಯವನ ಹತ್ರ ಹೋಗಿ ಕೂಗು.”

ಹಾಸಿಗೆಯ ಹೊದಿಕೆ, ರೇನ್‌ಕೋಟು, ಸಿಕ್ಕಿದ್ದನ್ನೆಲ್ಲ ಗಂಟುಗಳ ಮೇಲೆ ಹೊದಿಸಿ ಅವಳು ಹೊರಟಳು. ಮೂರು ಬೀದಿ ಆಚೆ, ಒಂದು ಗೋದಾಮಿನ ಮಾಡಿನ ಮೇಲೆ ಏಣಿ ಮೇಸ್ತ್ರಿ ಸಿಕ್ಕಿದ. ಕಳ್ಳ ಎಂದು ಬೈದವನನ್ನು ಕತ್ತೆತ್ತಿ ಕರೆಯುವುದು ಎಷ್ಟು ಕಷ್ಟ ಎಂದು ಅವಳಿಗೆ ಆಗ ತಿಳಿಯಿತು.

“ಮೇಸ್ತ್ರೀ! ಇಳೀರಿ! ತಪ್ಪಾಯ್ತು ಅಂತ ಹೇಳೋಕೆ ಬಂದಿದ್ದೀನಿ!” ಎಂದು ಜಗಳದ ದನಿಯಲ್ಲೇ ಕೂಗಿದಳು.

“ಅಲ್ಲಿಂದಲೇ ಹೇಳಿ. ಕೇಳ್ತಿದೆ,” ಎಂದ ಅವನು, ಕೆಲಸ ನಿಲ್ಲಿಸದೆ.

ಹೇಳಿದಳು. ನೆಲ ಅಳೆದದ್ದು, ಆಕಾಶ ತೋರಿಸಿದ್ದು, ಇನ್ನೂರ ನಲವತ್ತು ಜೊತೆ. ಹೇಳುತ್ತಾ ಹೇಳುತ್ತಾ ಜಗಳದ ದನಿ ಬೇಡುವ ದನಿಯಾಯಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಏಣಿ ಮೇಸ್ತ್ರಿ ಒಮ್ಮೆ ಮೋಡ ನೋಡಿದ. ಇಬ್ಬರು ಆಳುಗಳಿಗೆ ಸನ್ನೆ ಮಾಡಿ, ಏಣಿ ಇಳಿದ.

ಮನೆಗೆ ಬಂದವನು ಬಾಗಿಲಲ್ಲಿ ನಿಂತು ಮೇಲೆ ನೋಡಿದ, ಅಂಗಳದ ಚೂರುಗಳನ್ನು ನೋಡಿದ, ಆಮೇಲೆ ಗೋಡೆಯ ಬೋರ್ಡನ್ನು ನೋಡಿದ. ಅವನ ಕಣ್ಣು ಎಲ್ಲಿ ನಿಂತಿದೆ ಎಂದು ಟೈಲರಮ್ಮ ಕಂಡಳು.

“ಓದಿದ್ರಲ್ಲ,” ಎಂದಳು ಹಲ್ಲು ಕಚ್ಚಿ. “ಎರಡರಷ್ಟು ತಗೊಳ್ಳಿ. ನ್ಯಾಯವಾಗೇ ಇದೆ. ನಾನೇ ಬರೆದ ನ್ಯಾಯ.”

“ಅದು ನಿಮ್ಮ ಬೋರ್ಡು. ನನ್ನ ದರ ಕಾಗದದಲ್ಲಿದೆ, ಒಂದು ಲಕ್ಷದ ತೊಂಬತ್ತೈದು.”

“ಅವನು ಒಡೆದ ಹೆಂಚು?”

“ಕಾಣದ್ದಕ್ಕೆ ಅಂತ ಹದಿನೈದು ಸಾವಿರ ಬರೆದಿದ್ದೆನಲ್ಲ? ಅದರಲ್ಲೇ ಹೋಗುತ್ತೆ. ಶಾಲೆಯವರು ದುಡ್ಡು ಕೊಟ್ಟ ಮೇಲೆ ಅರ್ಧ ಕೊಡಿ, ಮಿಕ್ಕಿದ್ದು ಕೆಲಸ ಮುಗಿದ ಮೇಲೆ.”

“ನಿಮಗೆ ಸಿಟ್ಟು ಬಂದಿಲ್ವಾ? ಕಳ್ಳ ಅಂದಿದ್ದೆ ನಿಮ್ಮನ್ನ!”

“ಬಂದಿದೆ,” ಎಂದ ಅವನು. ಮುಖ ನೋಡಿದರೆ ನಿಜವೆಂದೇ ತಿಳಿಯುತ್ತಿತ್ತು. “ರಾತ್ರಿ ಊಟ ಸೇರಲಿಲ್ಲ ಅವತ್ತು. ಆದ್ರೆ ಸಿಟ್ಟಿಗೆ ದರ ಹಾಕೋ ಅಭ್ಯಾಸ ನನಗಿಲ್ಲಮ್ಮ.”

ಅವನು ಅಷ್ಟು ಹೇಳಿ ಮೇಲೆ ಹತ್ತಿದ. ಟೈಲರಮ್ಮನಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಎರಡರಷ್ಟು ಕೇಳಿದ್ದರೆ ಕೊಟ್ಟು, ಮನಸ್ಸಿನಲ್ಲೇ ಅವನನ್ನೂ ನಾಲ್ಕು ಬೈದು, ನಿರಾಳವಾಗಿ ಇರಬಹುದಿತ್ತು. ಆ ನರ್ಸು ಬಾಯಿಬಿಡದೆ ಪರ್ಸು ತೆರೆದದ್ದು ನೆನಪಾಯಿತು. ಕಂಕುಳಿನ ಹೊಲಿಗೆ ಬಿಚ್ಚಿ ಹಾಕಲು ಹಿಡಿದದ್ದು ಅರ್ಧ ಗಂಟೆ. ಮಿಕ್ಕಿದ್ದೆಲ್ಲ ಸಿಟ್ಟಿನ ದರ.

ಮೇಲೆ ಆಳುಗಳು ದೊಡ್ಡ ಟಾರ್ಪಾಲಿನ್ ಎಳೆದು ಕಟ್ಟುತ್ತಿದ್ದರು. ಗಾಳಿ ಎದ್ದಿತ್ತು. ಮೊದಲ ಹನಿ ಯಂತ್ರದ ಮೇಲೆ ಬಿತ್ತು, ಎರಡನೆಯದು ಅತ್ತೆಯ ಗುಂಡಿ ಡಬ್ಬದೊಳಗೆ. ಅತ್ತೆ ಡಬ್ಬದ ಮುಚ್ಚಳ ಹಾಕಿ, ಎದ್ದು ಬಂದು, ಗಂಟುಗಳ ಮೇಲೆ ತಮ್ಮ ಸೆರಗನ್ನೂ ಹರಡಿ ನಿಂತರು.

“ಗೋಡೆ ಪಕ್ಕ ಟಾರ್ಪಾಲಿನ್ ಸಾಲ್ತಿಲ್ಲ,” ಎಂದು ಮೇಲಿಂದ ಏಣಿ ಮೇಸ್ತ್ರಿ ಕೂಗಿದ. “ಸರೀ ಮೇಜಿನ ಮೇಲೇ ಸುರಿಯುತ್ತೆ. ಒಂದು ತಗಡು ಇದೆಯಾ ನೋಡಿ, ಎರಡು ಮೊಳದ್ದು, ಬೇಗ!”

ಟೈಲರಮ್ಮ ಸುತ್ತ ನೋಡಲಿಲ್ಲ. ಅವಳಿಗೆ ಗೊತ್ತಿತ್ತು. ಸ್ಟೂಲು ಎಳೆದು, ಹತ್ತಿ, ಕತ್ತರಿಯ ತುದಿಯಿಂದ ಬೋರ್ಡಿನ ಮೂರು ಮೊಳೆ ಕಿತ್ತಳು. ಕೊನೆಯ ಮೊಳೆ ಬರಲಿಲ್ಲ. ತಗಡನ್ನೇ ಹಿಡಿದು ಜಗ್ಗಿದಳು, ಗೋಡೆಯ ಗಾರೆಯ ಜೊತೆಗೆ ಬಂತು. ಅಂಗೈ ಸೀಳಿತು. ಎತ್ತಿ ಹಿಡಿದಳು.

ಮೇಸ್ತ್ರಿ ಬಗ್ಗಿ ಅದನ್ನು ತೆಗೆದುಕೊಂಡು, ಏನೆಂದು ನೋಡಿದ.

“ಅಕ್ಷರ ಹೊರಗೆ ಹಾಕ್ಲಾ, ಒಳಗೆ ಹಾಕ್ಲಾ?”

“ಒಳಗೆ ಹಾಕಿ,” ಎಂದಳು ಅವಳು, ಸೀಳಿದ ಅಂಗೈಯನ್ನು ಬಾಯಿಗಿಟ್ಟುಕೊಳ್ಳುತ್ತಾ. “ಬರೆದವಳು ನಾನು ತಾನೆ? ನಾನೇ ಓದ್ತೀನಿ.”

ಅವನು ಹಾಗೆಯೇ ಇಟ್ಟು ಎರಡು ಮೊಳೆ ಹೊಡೆದ. ಮಳೆ ಸುರಿಯಿತು. ಇನ್ನೂರ ನಲವತ್ತು ಜೊತೆಯಲ್ಲಿ ಒಂದೂ ನೆನೆಯಲಿಲ್ಲ. ಟೈಲರಮ್ಮ ಅಂಗೈಗೆ ಬಟ್ಟೆ ಸುತ್ತಿಕೊಂಡು ಯಂತ್ರದ ಮುಂದೆ ಕುಳಿತಳು. ಉಳಿದ ಹದಿನಾಲ್ಕು ಲಂಗಗಳಿಗೆ ಅಂಚು ಹೊಲಿಯಬೇಕಿತ್ತು. ಒಂದೊಂದು ಮುಗಿದಾಗಲೂ ತಲೆ ಎತ್ತಿದಳು, ಒಂದೊಂದು ಸಲವೂ ಓದಿದಳು.